ಬಂಟನ ಚುಚ್ಚುಮದ್ದಿನ ಚೀಟಿ

ಪಕ್ಕದ ಮನೆಯ ಗಣಪಣ್ಣ ಕೋವಿ ಹಿಡಿದು ಅಂಗಳಕ್ಕೆ ಬಂದಾಗ ಪರಿಮಳಾ ಅಂಚೆ ಚೀಲವನ್ನು ಜಗಲಿಯ ಮೇಲೆ ಸುರುವಿಕೊಂಡು ಕಾಗದಗಳನ್ನು ತಡಕುತ್ತಿದ್ದಳು.

"ಚೀಟಿ ಬಂಜಾ?"

"ಬಂಜಿಲ್ಲೆ" ಎಂದು ಅವಳು ತಲೆ ಅಡ್ಡಡ್ಡ ಆಡಿಸಿದಳು.

ಮನ್ಮನೆ ಊರಿನ ಅಂಚೆ ಕಚೇರಿಯೆಂದರೆ ಪರಿಮಳಾಳ ಮನೆಯ ಜಗಲಿ, ಪೋಸ್ಟ್ ಮಾಸ್ತರು ಎಂದರೆ ಅವಳೇ. ಊರವರ ಕಾಗದಗಳನ್ನೆಲ್ಲ ಹಂಚುವವಳಿಗೆ ತನ್ನದೊಂದು ಲಕೋಟೆ ಮಾತ್ರ ಮೂರು ವಾರದಿಂದ ಬಂದಿರಲಿಲ್ಲ. ಫಾರೆಸ್ಟರ್ ಪರಮೇಶ್ವರಪ್ಪ ಹಾವೇರಿ ಕಡೆಗೆ ವರ್ಗವಾಗಿ ಹೋಗುವಾಗ ತನ್ನ ಐದು ವರ್ಷದ ನಾಯಿ ಬಂಟನನ್ನು ಇವಳಿಗೆ ಒಪ್ಪಿಸಿದ್ದ. "ಎಲ್ಲಾ ಇಂಜೆಕ್ಷನ್ ಹಾಕ್ಸೇನ್ರಿ ಅಕ್ಕಾರ. ಚೀಟಿ ಸಾಮಾನಿನೊಳಗ ಎಲ್ಲೋ ಸಿಕ್ಕೊಂಡೈತಿ, ಪೋಸ್ಟಿಗೆ ಹಾಕ್ತೇನ್ರಿ" ಎಂದಿದ್ದ. ಸಿದ್ದಾಪುರದ ದನದ ಡಾಕ್ಟರು ಚಂದ್ರಶೇಖರಪ್ಪ ಮಾತ್ರ, ಚೀಟಿ ಕಣ್ಣಿಗೆ ಬೀಳುವವರೆಗೆ ಏನೂ ಹಾಕಿಲ್ಲ ಎಂದೇ ತಿಳಿಯಿರಿ, ಮೊದಲ ವಾರದಲ್ಲೇ ಕರೆತನ್ನಿ ಎಂದಿದ್ದರು. ಇವತ್ತು ನಾಳೆ ಎನ್ನುತ್ತ ಅವಳು ಹೋಗಲೇ ಇಲ್ಲ. ಸೋಮಾರಿತನಕ್ಕೆ ನಂಬಿಕೆ ಎಂದು ಹೆಸರಿಟ್ಟುಕೊಂಡಿದ್ದಳು, ಅಷ್ಟೆ.

ಈಗ ಹಿತ್ತಲ ಹಲಸಿನ ಮರಕ್ಕೆ ಕಟ್ಟಿದ್ದ ಬಂಟನ ಬಾಯಿಂದ ಜೊಲ್ಲು ದಾರದಂತೆ ಇಳಿಯುತ್ತಿತ್ತು. ಮೈ ನಡುಗುತ್ತಿತ್ತು, ಹಿಂಗಾಲು ತಡವರಿಸುತ್ತಿತ್ತು. ಎದುರಿಗಿದ್ದ ನೀರನ್ನು ಅವನು ಮೂಸಿಯೂ ನೋಡಿರಲಿಲ್ಲ.

"ಹುಚ್ಚು ಹಿಡದ್ದು ಇದ್ಕೆ" ಎಂದ ಗಣಪಣ್ಣ. "ಕೂಸು ಶಾಲೆಯಿಂದ ಬಪ್ಪದ್ರೊಳಗೆ ಮುಗಿಸ್ಬಿಡ್ತೆ."

ಗಣಪಣ್ಣ ಕಟುಕನೇನಲ್ಲ. ಎರಡು ವರ್ಷದ ಹಿಂದೆ ಹುಚ್ಚುನಾಯಿ ಕಚ್ಚಿದ ಅವನ ಕರು ಕಣ್ಣೆದುರೇ ಒದ್ದಾಡಿ ಸತ್ತಿತ್ತು. ಬೆಳಿಗ್ಗೆ ತನ್ನ ಮಗಳು ಅಭಿಜ್ಞಾ ಬಂಟನಿಗೆ ಕೈಯಾರೆ ದೋಸೆ ತಿನ್ನಿಸಿದ್ದು, ಅವನು ಅವಳ ಅಂಗೈ ನೆಕ್ಕಿದ್ದು ನೆನಪಾಗಿ ಪರಿಮಳಾ ಫೋನಿನತ್ತ ಓಡಿದಳು.

"ಡಾಕ್ಟ್ರಿಗೆ ಫೋನ್ ಮಾಡ್ತೆ. ಅಲ್ಲೀವರೆಗೆ ತಡಿ ಗಣಪಣ್ಣ."

ರಿಸೀವರ್ ಕಿವಿಗಿಟ್ಟುಕೊಳ್ಳುವಾಗ ತಲೆ ಗಿರ್ರೆಂದಿತು. ಬೆಳಿಗ್ಗೆಯಿಂದಲೇ ಹೀಗೆ, ಬಾಯಲ್ಲಿ ನೀರೂರುವುದು, ಹೊಟ್ಟೆ ತೊಳಸುವುದು. ಹೆದರಿಕೆಗೆ ಎಂದುಕೊಂಡಿದ್ದಳು. ಆದರೆ ನಾಯಿಗೆ ಜೊಲ್ಲು ಸುರಿಯುವ ಮೊದಲೇ ಇದು ಶುರುವಾಗಿತ್ತಲ್ಲ! ಇದನ್ನು ಹಿಂದೆಯೂ ಅನುಭವಿಸಿದ್ದಳು. ಮದುವೆಯಾದ ಹೊಸತರಲ್ಲಿ ಅತ್ತಿಗೆಯಂದಿರು ಆಟಕ್ಕೆ ತಂಬಾಕು ಹಾಕಿದ ಎಲೆಯಡಿಕೆ ಕವಳ ತಿನ್ನಿಸಿದಾಗ ಹೀಗೆಯೇ ತಲೆ ತಿರುಗಿ ಸೊಕ್ಕಿ ಗೋಡೆ ಹಿಡಿದು ಕೂತಿದ್ದಳು. ಅಂಗೈ ಮೂಸಿದಳು. ಸೋಪು ಹಾಕಿ ತೊಳೆದರೂ ತಂಬಾಕಿನ ಘಾಟು ಹೋಗಿರಲಿಲ್ಲ.

"ಡಾಕ್ಟ್ರೇ, ಮೈಗೆ ಕಚ್ಚಿಕೊಂಡು ರಕ್ತ ಹೀರೋ ಉಣುಗು ಸಾಯ್ಲಿ ಅಂತ ಬೆಳಿಗ್ಗೆ ತಂಬಾಕು ನೆನೆಸಿದ ನೀರನ್ನ ಅವನ ಮೈಗೆಲ್ಲ ತಿಕ್ಕಿದ್ದೆ!"

"ಅಯ್ಯೋ, ಅದನ್ನ ನೆಕ್ಕಿಕೊಂಡಿರ್ತಾನೆ. ಸೋಪು ಹಾಕಿ ಮೈ ತೊಳೀರಿ, ಬಾಯಿಗೆ ಏನೂ ಹೊಯ್ಬೇಡಿ. ನಾನು ಹೊರಟೆ. ಆದ್ರೆ ಹುಚ್ಚಲ್ಲ ಅಂತ ಫೋನಲ್ಲಿ ಹೇಳೋಕಾಗಲ್ಲ. ದೂರದಿಂದಲೇ ತೊಳೀರಿ, ಹತ್ರ ಮಾತ್ರ ಹೋಗ್ಬೇಡಿ."

ಕೇಳಿದ ಗಣಪಣ್ಣನ ಮುಖ ಕಪ್ಪಿಟ್ಟಿತು. ತಂಬಾಕಿನ ಉಪಾಯ ಹೇಳಿಕೊಟ್ಟವನು ಅವನೇ.

"ಎಮ್ಮೆಗೆ ಹಚ್ಚಿದ್ರೆ ಆಗಳೇ ಹೊಳೆಗೆ ಇಳಿಸಿ ತೊಳೀತ್ಯ. ನೀ ತೊಳದ್ದಿಲ್ಯಾ?"

"ತೊಳೀಬೇಕು ಹೇಳಿ ನೀ ಹೇಳಿದ್ದಿಲ್ಲೆ."

"ಅದೆಂತ ಹೇಳದು? ಎಲ್ಲರಿಗೂ ಗೊತ್ತಿಪ್ಪದು!"

ದನದ ಕೊಟ್ಟಿಗೆ ಇದ್ದವರಿಗೆ ಗೊತ್ತಿರುತ್ತದೆ. ಅಂಚೆ ಚೀಟಿ ಮಾರುವವಳಿಗೆ ಹೇಗೆ ಗೊತ್ತಾಗಬೇಕು? ಜಗಳಕ್ಕೆ ಪುರುಸೊತ್ತಿರಲಿಲ್ಲ. ಅವಳು ಉದ್ದ ಕೋಲಿನ ತುದಿಗೆ ಸೋಪಿನ ಬಟ್ಟೆ ಕಟ್ಟಿ ದೂರದಿಂದ ತಿಕ್ಕಿದಳು. ಗಣಪಣ್ಣ ಕೋವಿಯನ್ನು ಹೆಗಲಿಗೇರಿಸಿ ಕೊಡಪಾನಗಟ್ಟಲೆ ನೀರು ಎರಚಿದ. ಬಂಟ ಕೊಸರಾಡಿ ಮರವನ್ನು ಎರಡು ಸುತ್ತು ಬಂದು ದೊಪ್ಪನೆ ಬಿದ್ದ. ಹಗ್ಗ ಕುತ್ತಿಗೆಗೆ ಬಿಗಿಯಿತು, ನಾಲಿಗೆ ಹೊರಗೆ ಬಂತು.

"ಹತ್ರ ಹೋಗಡ! ಪರಿಮಳಾ, ಹೋಗಡ!"

ಗುಂಡು ಹಾರಿಸಲು ಅಣಿಯಾಗಿ ಗಣಪಣ್ಣ ಕೋವಿಯ ಕುದುರೆ ಹಿಂದಕ್ಕೆಳೆದ ಸದ್ದು ಬೆನ್ನ ಹಿಂದೆ ಕೇಳಿಸಿತು. ಆದರೆ ಈ ಗತಿ ತಂದದ್ದು ತನ್ನದೇ ಕೈ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಮಂಡಿಯೂರಿ ಗಂಟು ಬಿಚ್ಚತೊಡಗಿದಳು. ಚೀಲ ಜಾರಿತು. ಬೆಚ್ಚನೆಯ ಜೊಲ್ಲು ಹಗ್ಗ ತರಚಿ ಗೀರು ಬಿದ್ದಿದ್ದ ಮಣಿಕಟ್ಟಿನ ಮೇಲೆ ಇಳಿಯಿತು. ಗಂಟು ಸಡಿಲಾಯಿತು. ಬಂಟ ಕಚ್ಚಲಿಲ್ಲ.

ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. ಸಂಜೆ ಬಂಟ ತಾನಾಗಿ ಎದ್ದು ಲೊಚಲೊಚ ನೀರು ಕುಡಿದ. ಗಣಪಣ್ಣ ಕೋವಿಯಿಂದ ತೋಟಾ ತೆಗೆದು ಜೇಬಿಗೆ ಹಾಕಿಕೊಂಡ. ಡಾಕ್ಟರು ಮಾತ್ರ ನಗಲಿಲ್ಲ. "ಹುಚ್ಚಲ್ಲ ಅಂತ ಖಾತ್ರಿಯಾಗೋಕೆ ಹತ್ತು ದಿನ ಕಟ್ಟಿ ಹಾಕಿ ನೋಡ್ಬೇಕು. ನೀವೂ ಮಗಳೂ ಇವತ್ತೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರು ಮಾಡಿ."

ನಾಲ್ಕನೆಯ ದಿನ ಲಕೋಟೆ ಬಂತು.

"ಚೀಟಿ ಬಂಜಾ?" ಎಂದ ಗಣಪಣ್ಣ.

"ಬಂಜು."

ಪರಿಮಳಾ ಅದನ್ನು ಅವನ ಮುಂದೆ ಹಿಡಿದಳು. ಹುಚ್ಚುರೋಗದ ಚುಚ್ಚುಮದ್ದಿನ ಸಾಲು ಪೂರ್ತಿ ಖಾಲಿ. ಒಂದು ಸಹಿಯೂ ಇಲ್ಲ, ಒಂದು ತಾರೀಖೂ ಇಲ್ಲ. ಅವಳು ಜಗಲಿಯ ಮೇಲೆ ಕೂತಳು. ಗಣಪಣ್ಣ ಪಕ್ಕದಲ್ಲಿ ಕೂತ. ಉಳಿದ ಆರು ದಿನವೂ ಬೆಳಿಗ್ಗೆ ಬಂದು, ಬಂಟ ನೀರು ಕುಡಿಯುವುದನ್ನು ನೋಡಿಯೇ ಮನೆಗೆ ಹೋದ.

ಹನ್ನೊಂದನೆಯ ದಿನ ಡಾಕ್ಟರು ಬಂಟನಿಗೆ ಚುಚ್ಚುಮದ್ದು ಹಾಕಿ ಆ ಖಾಲಿ ಸಾಲಿನಲ್ಲಿ ಸಹಿ ಮಾಡಿದರು. ಪರಿಮಳಾ ಒಳಗಿನಿಂದ ಅಂಚೆ ಕಚೇರಿಯ ಮೊಹರು ತಂದು ಸಹಿಯ ಪಕ್ಕದಲ್ಲಿ ತಾರೀಖು ಮೂಡುವಂತೆ ಧಡ್ ಎಂದು ಒತ್ತಿದಳು.

"ಸರ್ಕಾರಿ ಮೊಹರು ನಾಯಿ ಚೀಟಿಗೆ ಒತ್ತಲಾಗ್ತನೆ?" ಎಂದ ಗಣಪಣ್ಣ.

"ಕೇಳಲೆ ಬಂದವ್ಕೆ ಆನು ಹೇಳ್ಕತ್ತೆ" ಎಂದಳು. ಮೊಹರಿನ ಮಸಿ ಒರೆಸಿಟ್ಟು ಬಂಟನ ಹಗ್ಗ ಬಿಚ್ಚಿದಳು.