ನಿಂಬೆವ್ವ ಹಾಕಿದ ಹೊಲಿಗೆ

ನಾನು ಒಂದು ಪಾಸ್‌ಪೋರ್ಟ್. ನೀಲಿ ರಟ್ಟು, ಮೂವತ್ತಾರು ಪುಟ, ಮೇಲೆ ಸಿಂಹಗಳ ಮುದ್ರೆ. ನೋಡಿದವರು ನನ್ನನ್ನು ಭಾರಿ ಆಸಾಮಿ ಎಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ನಾನು ಹುಟ್ಟು ಅಂಜುಬುರುಕ. ನನ್ನನ್ನು ಯಾರೂ ತಿದ್ದಬಾರದು, ಕೆಡಿಸಬಾರದು ಎಂದು ನನ್ನ ಮೈಮೇಲೇ ಅಚ್ಚು ಹಾಕಿ ಕಳಿಸಿದರು. ಕೂಸಿಗೆ ಕೇಳಿಸಿದ ಮೊದಲ ಮಾತೇ ಗದರಿಕೆಯಾದರೆ ಧೈರ್ಯ ಎಲ್ಲಿಂದ ಬರಬೇಕು?

ಅಂಚೆಯವರು ನನ್ನನ್ನು ತಂದುಕೊಟ್ಟಿದ್ದು ಗದಗಿನ ನಿಂಬೆವ್ವನಿಗೆ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವುದೇ ಅವಳ ಕಸುಬು. ಸಮುದ್ರದಾಚೆಯ ದ್ವೀಪದೇಶವೊಂದರಲ್ಲಿ ನೆಲೆಸಿದ ತಂಗಿ ಕಲ್ಲವ್ವ ಕರೆದಳೆಂದು ನನ್ನನ್ನು ಮಾಡಿಸಿದ್ದಳು. ಹೋಗುವುದು ಮಾತ್ರ ಆಗಲೇ ಇಲ್ಲ. ಒಂಬತ್ತು ವರ್ಷ ಟ್ರಂಕಿನಲ್ಲಿ ಸೀರೆಗಳ ಅಡಿ ಮಲಗಿದೆ. ಆಗಾಗ ಅವಳು ನನ್ನನ್ನು ಪ್ರೆಸ್ಸಿಗೆ ಒಯ್ದು, ಬೆನ್ನು ಮುರಿಯುವಂತೆ ಬಿಡಿಸಿ, "ಸರಕಾರದ ಹೊಲಿಗಿ ನೋಡ್ರಿ, ಎಷ್ಟು ಸಡ್ಲ ಐತಿ!" ಎಂದು ಜೊತೆಯವರಿಗೆ ತೋರಿಸುತ್ತಿದ್ದಳು. ಬಿಡಿಸಿ ಬಿಡಿಸಿಯೇ ನಡುವಿನ ದಾರ ಮತ್ತಷ್ಟು ಸಡಿಲಾಯಿತು.

ಒಂದು ದಿನ ಫೋನ್ ಬಂತು. ಕಲ್ಲವ್ವನಿಗೆ ಹೃದಯದ ಆಪರೇಷನ್ ಆಗಬೇಕು, ತಡವಾದರೆ ಜೀವಕ್ಕೆ ಅಪಾಯ. ಅವಳೋ, "ಅಕ್ಕ ಬರೋತನಕ ನಾ ಒಳಗ ಹೋಗಂಗಿಲ್ಲ" ಎಂದು ಹಟ ಹಿಡಿದಿದ್ದಳು. ನಿಂಬೆವ್ವ ನನ್ನನ್ನು ಹಿಡಿದುಕೊಂಡು ಟಿಕೆಟ್ ಮಾಡಿಸುವ ಮಹಾಂತೇಶನ ಅಂಗಡಿಗೆ ಓಡಿದಳು.

"ಮೂವತ್ತು ದಿನದೊಳಗ ತಿರುಗಿ ಬರೋದಾದ್ರ ವೀಸಾ ಬ್ಯಾಡ್ರಿ ಅಕ್ಕಾರ" ಎಂದ ಅವನು. "ಆದ್ರ ಪಾಸ್‌ಪೋರ್ಟ್ ಇನ್ನೂ ಆರು ತಿಂಗಳು ನಡೀಬೇಕು. ವಾಪಸ್ ಟಿಕೆಟ್ ಇರಬೇಕು. ಉಳಕೊಳ್ಳೋ ಮನಿ ವಿಳಾಸ ಬೇಕು. ಮತ್ತ ಪುಸ್ತಕ ಹರದಿರಬಾರದು."

ನನಗೆ ಆರು ತಿಂಗಳ ಮೇಲೆ ಹನ್ನೊಂದು ದಿನ ಆಯುಸ್ಸಿತ್ತು. ಬದುಕಿದೆ ಎಂದುಕೊಂಡೆ. ಆದರೆ ಕೊನೆಯ ಮಾತು ನಿಂಬೆವ್ವನ ತಲೆಯಲ್ಲಿ ಕೂತುಬಿಟ್ಟಿತು. ಮನೆಗೆ ಬಂದವಳೇ ಸಡಿಲಾದ ದಾರ ಕಂಡು ಗಾಬರಿಯಾದಳು. ಸೂಜಿ ತೆಗೆದಳು, ದಾರಕ್ಕೆ ಮೇಣ ಎಳೆದಳು. ಬೇಡ ತಾಯಿ, ಬೇಡ ಎಂದು ಕೂಗಬೇಕೆನಿಸಿತು. ಕಾಗದಕ್ಕೆ ಎಲ್ಲಿಯ ಬಾಯಿ? ಹಳೆಯ ದಾರ ಕಿತ್ತು ಹೊಸದಾಗಿ ಹೊಲಿದಳು. ಹೊಲಿಗೆ ಬಹಳ ಚೆನ್ನಾಗಿತ್ತು. ಅಂದಿನಿಂದ ನನಗೆ ನಡುಕ ಬಿಡಲಿಲ್ಲ.

ನಮ್ಮೂರ ಕಡೆಯ ವಿಮಾನ ನಿಲ್ದಾಣದಲ್ಲಿ ಹೇಗೋ ಪಾರಾದೆ. ಬೆಳಿಗ್ಗೆ ಆ ದೇಶದಲ್ಲಿ ಇಳಿದು ಸಾಲಿನಲ್ಲಿ ನಿಂತೆವು. ಮುಂದಿನವರ ಪುಟಗಳಲ್ಲಿ ವೀಸಾ ಇತ್ತು. ನನ್ನ ಪುಟಗಳಲ್ಲಿ ಹೊರಡುವಾಗ ಒತ್ತಿದ ಮುದ್ರೆ ಬಿಟ್ಟರೆ ಏನೂ ಇಲ್ಲ. ನನ್ನ ಪರ ನಿಲ್ಲಲು ವೀಸಾದಂಥ ಜೊತೆಗಾರನೇ ಇಲ್ಲ. ಕೌಂಟರಿನ ಅಧಿಕಾರಿ ನನ್ನನ್ನು ಬಿಡಿಸಿದ. ಬೆರಳು ನಡುವಿನಲ್ಲಿ ನಿಂತಿತು. ಅವನು ನೇರಳೆ ಬೆಳಕಿನ ಕೆಳಗೆ ಹಿಡಿದ. ಸರಕಾರದ ದಾರ ಆ ಬೆಳಕಿಗೆ ಹೊಳೆಯುತ್ತದೆ. ನಿಂಬೆವ್ವನ ದಾರ ಹೊಳೆಯಲಿಲ್ಲ.

ನಮ್ಮನ್ನು ಒಂದು ಕೋಣೆಯಲ್ಲಿ ಕೂರಿಸಿದರು. ಹಿಂದಿ ಬಲ್ಲ ಸಿಬ್ಬಂದಿಯೊಬ್ಬರು ಬಂದು, ಹೊಲಿದವರು ಯಾರೆಂದು ಕೇಳಿದರು. ನಿಂಬೆವ್ವ ಹೆಮ್ಮೆಯಿಂದಲೇ ತನ್ನ ಎದೆ ಮುಟ್ಟಿ ತೋರಿಸಿದಳು. ಒಳಗೆ ಬಿಡುವಂತಿಲ್ಲ, ಮಧ್ಯಾಹ್ನದ ವಿಮಾನಕ್ಕೆ ವಾಪಸ್ ಎಂದರು. ನಿಯಮಕ್ಕೆಂದು ಮಾಡಿಸಿದ ವಾಪಸ್ ಟಿಕೆಟ್ ಅದೇ ದಿನ ಉಪಯೋಗಕ್ಕೆ ಬಂತು.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್. ಆಪರೇಷನ್ನಿಗೆ ಕರೆಯುತ್ತಿದ್ದಾರೆ, ಕಲ್ಲವ್ವ ಏಳುತ್ತಿಲ್ಲ. ನಿಂಬೆವ್ವನ ಕೈ ನನ್ನನ್ನು ಹಿಂಡಿತು. ಅಷ್ಟು ಬೆವರಿದ ಕೈ ನಾನು ಕಂಡಿಲ್ಲ. ಆದರೆ ದನಿ ಗಟ್ಟಿಯಾಗಿತ್ತು.

"ಬಂದೀನಿ ತಂಗೀ. ಇಲ್ಲೇ ಆಸ್ಪತ್ರಿ ಹೊರಗ ಕುಂತೀನಿ. ಒಳಗ ನಿನ್ನ ಹತ್ರ ಒಬ್ಬರನ್ನಷ್ಟ ಬಿಡ್ತಾರಂತ. ನೀ ಹೋಗು, ನಾ ಎಲ್ಲಿಗೂ ಹೋಗಂಗಿಲ್ಲ."

ಕಲ್ಲವ್ವ ಎದ್ದು ಹೋದಳು. ನಿಂಬೆವ್ವ ವಿಮಾನದಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಊರು ಮುಟ್ಟಿ, ತಂಗಿ ಉಳಿದಳೆಂಬ ಸುದ್ದಿ ಬರುವತನಕ ನಮ್ಮಿಬ್ಬರಿಗೂ ಉಸಿರಿರಲಿಲ್ಲ.

ಆಮೇಲೆ ಪಾಸ್‌ಪೋರ್ಟ್ ಕಚೇರಿಯವರು ನನ್ನ ಮೂಲೆ ಕತ್ತರಿಸಿ ರದ್ದು ಮಾಡಿದರು. ಈಗ ಮತ್ತೆ ಟ್ರಂಕಿನಲ್ಲಿದ್ದೇನೆ. ನಿಜ ತಿಳಿದು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಕಲ್ಲವ್ವ ಹೋದ ವರ್ಷ ತಾನೇ ಗದಗಿಗೆ ಬಂದಳು. ನನ್ನನ್ನು ತೆಗೆದು ಒಂದೊಂದೇ ಪುಟ ತಿರುವಿದಳು. ಎಲ್ಲೂ ತನ್ನ ದೇಶದ ಮುದ್ರೆ ಇರಲಿಲ್ಲ. ನಡುವಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇದಕ್ಕ ಅಲ್ಲೇನಕ್ಕಾ, ನಿನ್ನ ತಿರುಗಿ ಕಳಿಸಿದ್ದು?"

"ಹೂಂ. ನೀ ಒಳಗ ಹೋದ್ಯಲ್ಲ, ಸಾಕು."

ಈಗ ನನಗೆ ಯಾವ ಕೌಂಟರಿನ ಭಯವೂ ಇಲ್ಲ. ಹಾಗೆಂದು ಅಂಜುಬುರುಕತನ ಹೋದೀತೆ? ಟ್ರಂಕು ತೆರೆದ ಸದ್ದಾದರೆ ಇಂದಿಗೂ ಎದೆ ಡವಡವ ಎನ್ನುತ್ತದೆ. ಯಾರಾದರೂ ಈ ದಾರ ಬಿಚ್ಚಿಬಿಟ್ಟಾರು ಎಂದು.