ಅತ್ತಿಗೆ ಟೋಪಿ

ಆ ಕಟ್ಟಡದ ಕೆಲಸದಲ್ಲಿ ಹೆಲ್ಮೆಟ್ಟನ್ನು ಯಾರೂ ಹೆಲ್ಮೆಟ್ ಅನ್ನುವುದಿಲ್ಲ, ಅತ್ತಿಗೆ ಟೋಪಿ ಅನ್ನುತ್ತಾರೆ. ಹೆಸರಿಟ್ಟವರು ಕೆಲಸಗಾರರು, ಅದೂ ಸಿಟ್ಟಿನಲ್ಲಿ. ಕಾಂಕ್ರೀಟಿಗೆ ಹಲಗೆ ಹೊಡೆದು ಅಚ್ಚು ಕಟ್ಟುವ ಸೆಂಟ್ರಿಂಗ್ ಮೇಸ್ತ್ರಿ ಎಲ್ಲರಿಗೂ ಅಣ್ಣ. ಸ್ಟೋರು ನೋಡಿಕೊಳ್ಳುವ ಅವನ ಹೆಂಡತಿ ಎಲ್ಲರಿಗೂ ಅತ್ತಿಗೆ.

ಹೆಲ್ಮೆಟ್ಟಿನ ಒಳಗೆ ಪಟ್ಟಿಗಳ ಬಲೆಯೊಂದಿರುತ್ತದೆ. ಮೇಲಿಂದ ಬಿದ್ದದ್ದರ ಪೆಟ್ಟು ತಡೆಯುವುದು ಅದೇ. ನಮ್ಮ ಸೆಂಟ್ರಿಂಗ್ ಮಹಾಶಯರಿಗೆ ಮಾತ್ರ ಅದು ಅಡ್ಡ. ಪಟ್ಟಿ ಕೊಯ್ದುಬಿಟ್ಟರೆ ಟೋಪಿ ತುಂಬ ಮೊಳೆ ಹೊತ್ತೊಯ್ಯಬಹುದು. ಆಮೇಲೆ ಕೊಡವಿ ತಲೆಗಿಟ್ಟುಕೊಂಡರಾಯಿತು, ಇಂಜಿನಿಯರನ ಕಣ್ಣಿಗೆ ಎಲ್ಲ ಸರಿಯಾಗಿರುತ್ತದೆ. ಈ ಘನಂದಾರಿ ಬುದ್ಧಿ ಕಲಿಸಿದವನು ಮೇಸ್ತ್ರಿಯೇ. ಸ್ವಂತ ತಮ್ಮನ ಟೋಪಿಯ ಪಟ್ಟಿಯನ್ನೂ ಕೈಯಾರೆ ಕೊಯ್ದು ಕೊಟ್ಟಿದ್ದ. ಕಬ್ಬಿಣದ ತುಂಡು ಬಿದ್ದದ್ದು ಆ ತಮ್ಮನ ತಲೆಯ ಮೇಲೆಯೇ. ಹೇಗೋ ಜೀವ ಉಳಿಯಿತು. ಮನೆಯಲ್ಲಿ ಮಲಗಿದ ಮೈದುನನಿಗೆ ಅತ್ತಿಗೆಯೇ ತುತ್ತು ಕಲಸಿ ಬಾಯಿಗಿಟ್ಟಳು. ಗಂಡ ಹೆಂಡತಿ ಇಬ್ಬರೂ ಪಟ್ಟಿಯ ಮಾತೆತ್ತಲಿಲ್ಲ.

ಸ್ಲ್ಯಾಬ್ ಹಾಕುವ ದಿನ ಅವಳು ಏಣಿಯ ಬುಡದಲ್ಲಿ ನಿಂತಳು. ಒಬ್ಬೊಬ್ಬರ ಟೋಪಿ ತೆಗೆಸಿ, ಒಳಗೆ ಕೈಯಾಡಿಸಿ, ಪಟ್ಟಿ ಇಲ್ಲದವರನ್ನು ಹೊಸದು ತರಲು ಸ್ಟೋರಿಗೆ ಅಟ್ಟಿದಳು. ಕಾಂಕ್ರೀಟ್ ಲಾರಿ ಗುರುಗುಡುತ್ತಿತ್ತು, ಇಂಜಿನಿಯರ್ ಕೈ ಹಿಸುಕಿಕೊಳ್ಳುತ್ತಿದ್ದ. ಕೊನೆಗೆ ಮೇಸ್ತ್ರಿ ಬಂದ.

“ದಾರಿ ಬಿಡು.”

“ಟೋಪಿ ತೋರಿಸ್ರಿ.”

“ಎಲ್ಲರ ಎದುರು ಮರ್ಯಾದೆ ತೆಗೀಬೇಡ. ಮನೇಲಿ ಮಾತಾಡೋಣ.”

“ನೀವು ತಲೆ ಉಳಿಸ್ಕೊಂಡು ಮನೆಗೆ ಬಂದ್ರೆ ತಾನೆ ಮಾತಾಡೋದು?”

ಸುತ್ತಲಿದ್ದವರು ಮುಸಿಮುಸಿ ನಕ್ಕರು. ಅವನ ಮುಖ ಕೆಂಪೇರಿತು. “ತಮ್ಮನೂ ಟೋಪಿ ಹಾಕ್ಕೊಂಡೇ ಇದ್ದ. ಏನು ಕಡಿದು ಕಟ್ಟೆ ಹಾಕ್ತು ಅದು?”

ಇಷ್ಟು ದಿನ ನುಂಗಿಕೊಂಡಿದ್ದ ಮಾತು ಅವಳ ಗಂಟಲಿಗೆ ಬಂತು.

“ಪಟ್ಟಿ ಕೊಯ್ದೋರು ಯಾರು ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡಿ,” ಎಂದಳು, ಅವನೊಬ್ಬನಿಗೆ ಕೇಳುವಂತೆ.

ಈ ಒಂದು ಮಾತಿಗೆ ಸಂಸಾರವೇ ಮುರಿದುಬಿದ್ದೀತು ಎಂದು ಅವಳಿಗೆ ಅನ್ನಿಸಿತು. ಆದರೂ ಕಾಲು ಕದಲಿಸಲಿಲ್ಲ. ಮೇಸ್ತ್ರಿ ತಲೆ ತಗ್ಗಿಸಿ ಸ್ಟೋರಿಗೆ ನಡೆದ. ಹೊಸ ಟೋಪಿ ತಂದು, ಒಳಗಿನ ಪಟ್ಟಿ ಕಾಣುವಂತೆ ಅವಳ ಮುಂದೆ ಹಿಡಿದ.

ಸ್ಟೋರಿಗೆ ಅಟ್ಟಿಸಿಕೊಂಡವರು ಗೊಣಗುತ್ತ ಇಟ್ಟದ್ದು ಅವತ್ತಿನಿಂದ ಆ ಹೆಸರು. ಈಗ ಇಂಜಿನಿಯರೂ ಹಾಗೇ ಅನ್ನುತ್ತಾನೆ. ಅನ್ನದವನು ಮೇಸ್ತ್ರಿಯೊಬ್ಬನೇ; ಕಟ್ಟಿಕೊಂಡವಳನ್ನು ಅತ್ತಿಗೆ ಅನ್ನುವುದು ಹೇಗೆ, ಪಾಪ? ಟೋಪಿ ಬೇಕಾದಾಗ ತಲೆ ತಟ್ಟಿ ತೋರಿಸಿ ಸುಧಾರಿಸುತ್ತಾನೆ.

ತಮ್ಮ ಚೇತರಿಸಿಕೊಂಡು ಕೆಲಸಕ್ಕೆ ಮರಳಿದ ಬೆಳಿಗ್ಗೆ, ಅವಳಿಗಿಂತ ಮೊದಲೇ ಗಂಡ ಏಣಿಗೆ ಅಡ್ಡ ನಿಂತಿದ್ದ. ತಮ್ಮನ ಟೋಪಿ ತೆಗೆದು, ಒಂದೊಂದು ಪಟ್ಟಿಯನ್ನೂ ಜಗ್ಗಿ ನೋಡಿ, ತಲೆಗಿಟ್ಟು, ಗದ್ದದ ಕೆಳಗೆ ಬಿಗಿದ.

“ಅವತ್ತು ಕೊಯ್ದೋನು ನಾನೇ ಕಣೋ.”

“ಗೊತ್ತು ಬಿಡಣ್ಣ,” ಎಂದ ತಮ್ಮ, ದನಿ ತಗ್ಗಿಸಿ. “ಅತ್ತಿಗೆಗೆ ಮಾತ್ರ ಹೇಳ್ಬೇಡ. ನಿನ್ನ ಮೇಲೆ ಬೇಜಾರು ಮಾಡ್ಕೋತಾರೆ.”

ಪಕ್ಕದಲ್ಲೇ ಇದ್ದ ಅವಳು ಏನೂ ಕೇಳಿಸದವಳಂತೆ ಮುಂದಿನವನ ಟೋಪಿಗೆ ಕೈ ಚಾಚಿದಳು.