ಗಾಳ ಹಿಡಿದವರ ಕೂಟ

"ಗೇಟಿನ ಒಳಗೆ ಯಾರೂ ಕಾಲಿಡಕೂಡದಂತೆ. ಅಷ್ಟೇ ಬರ್ದಿರೋದು," ಎಂದು ಆಲ್ಟನ್ ಕಾಗದ ಮಡಚಿ ಕನ್ನಡಕ ತೆಗೆದ.

ಊರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಮೂವರಿದ್ದರು. ಅಮೆರಿಕದ ಮೇನ್ ಕರಾವಳಿಯ ದೀಪಸ್ತಂಭಗಳ ಹುಚ್ಚು ಹಿಡಿಸಿಕೊಂಡವರ ಸಂಘಕ್ಕೆ ಆಲ್ಟನ್ ಫಾಕಿಂಗ್‌ಹ್ಯಾಮ್ ಅಧ್ಯಕ್ಷ. ಮೆರ್ಲ್ ಡಯರ್ ಎಪ್ಪತ್ತರಲ್ಲೂ ಲಾಬ್‌ಸ್ಟರ್ ಹಿಡಿಯಲು ದೋಣಿ ಇಳಿಸುವವನು. ವಿನೋನಾ ಬೀಲ್ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಪ್ರತಿ ಜುಲೈನಲ್ಲೂ ಸಂಘದ ಅರವತ್ತು ಜನ ಭೂಶಿರದ ದೀಪಸ್ತಂಭದ ಬುಡದಲ್ಲಿ, ಹುಲ್ಲಿನ ಮೇಲೆ ಸೇರುತ್ತಿದ್ದರು. ಕಳೆದ ಚಳಿಗಾಲ ಆ ಸ್ತಂಭವನ್ನೂ ಪಕ್ಕದ ಕಾವಲುಗಾರನ ಮನೆಯನ್ನೂ ಬಾಸ್ಟನ್ನಿನ ಪ್ರೆಸ್ಕಾಟ್ ಎಂಬಾತ ಕೊಂಡಿದ್ದ. ಕಾಗದ ಬರೆದವನು ಅವನೇ.

"ಬ್ಯಾಂಗರ್‌ನಲ್ಲಿ ಒಂದು ಹೋಟೆಲ್ ಹಾಲ್ ನೋಡಿದೀನಿ," ಎಂದ ಆಲ್ಟನ್. "ಪರದೆ ಮೇಲೆ ಹಳೇ ಫೋಟೋ ಹಾಕ್ಬಹುದು. ಲಿಫ್ಟೂ ಇದೆ. ನಮ್ಮೋರಿಗೂ ವಯಸ್ಸಾಯ್ತು."

"ಬ್ಯಾಂಗರ್‌ನಲ್ಲಿ ಸಮುದ್ರ ಎಲ್ಲಿಟ್ಟಿದಾರೆ?" ಎಂದು ವಿನೋನಾ ಕೇಳಿದಳು.

"ಹಠ ಮಾಡ್ಬೇಡ. ಜಾಗ ಅವನದು."

ಮೆರ್ಲ್ ಕಾಫಿ ಲೋಟದೊಳಗೆ ನೋಡುತ್ತ ಹೇಳಿದ: "ಸ್ತಂಭದ ಕೆಳಗೆ, ಸಮುದ್ರದ ನೀರು ಇಳಿದಾಗ ಕಾಣೋ ಬಂಡೇನೂ ಅವನದೇ. ಆದ್ರೆ ಅಲ್ಲಿ ಮೀನು ಹಿಡಿಯೋರನ್ನ ಓಡಿಸೋ ಹಾಗಿಲ್ಲ. ಹಳೇ ಕಾನೂನು. ನಮ್ಮಜ್ಜ ಹೇಳ್ತಿದ್ದ."

ವಿನೋನಾ ಅವನ ಕಡೆ ತಿರುಗಿದಳು. "ದೋಣೀಲಿ ಬಂದು ಇಳಿದ್ರೆ?"

"ಇಳಿಬಹುದು. ಕೈಯಲ್ಲಿ ಗಾಳ ಇರ್ಬೇಕು."

"ಹಾಗಾದ್ರೆ ಬರೋರೆಲ್ಲ ಒಂದೊಂದು ಗಾಳ ತರ್ಲಿ. ಆಹ್ವಾನದಲ್ಲಿ ಅದನ್ನೇ ಮೊದಲು ಬರಿ, ಆಲ್ಟನ್."

"ಅರವತ್ತು ಜನ ಮುದುಕ್ರು, ಪಾಚಿ ಕಟ್ಟಿದ ಬಂಡೆ ಮೇಲೆ. ಜಾರಿ ಬಿದ್ರೆ?"

"ಹೋಟೆಲಿನ ಬಚ್ಚಲಲ್ಲೂ ಬೀಳ್ತೀವಿ."

ಆಲ್ಟನ್ ಬರೆಯಲಿಲ್ಲ. ಮೊದಲು ಜಾಗ ನೋಡೋಣ, ಕುರ್ಚಿ ನಿಲ್ಲುತ್ತದೋ ಇಲ್ಲವೋ ಎಂದ. ಅವಳು ಒಪ್ಪಿದಳು.

ಮೇ ತಿಂಗಳ ಒಂದು ಬೆಳಿಗ್ಗೆ, ನೀರು ಪೂರಾ ಇಳಿಯುವ ಹೊತ್ತಿಗೆ, ಮೆರ್ಲ್ ಇಬ್ಬರನ್ನೂ ಬಂಡೆಯ ಮೇಲೆ ಇಳಿಸಿ ದೋಣಿಯನ್ನು ಸ್ವಲ್ಪ ದೂರದಲ್ಲಿ ನಿಲ್ಲಿಸಿಕೊಂಡ. ವಿನೋನಾ ಪಾಚಿಯಿಲ್ಲದ ಸಮತಟ್ಟು ಹುಡುಕಿ ಮಡಚುವ ಕುರ್ಚಿ ಬಿಡಿಸಿದಳು. ಒಂದು ಕಾಲು ಗಿಡ್ಡವಾಯಿತು. ಅದರಡಿಗೆ ಚಪ್ಪಟೆ ಕಲ್ಲು ತುರುಕಿ, ಕೂತು, ಗಾಳ ಬೀಸಿದಳು. ತಲೆಯೆತ್ತಿದರೆ ಬಿಳಿಯ ಸ್ತಂಭ. ಅದರ ಪಕ್ಕದಲ್ಲಿ ಮನೆಯ ಮಹಡಿಯ ಕಿಟಕಿ. ಅವಳಪ್ಪ ಆ ದೀಪದ ಕೊನೆಯ ಕಾವಲುಗಾರ. ದೀಪ ತಾನೇ ಉರಿಯುವಂತಾದ ವರ್ಷ ಅವರು ಮನೆ ಬಿಟ್ಟಿದ್ದರು. ಆಗ ಅವಳಿಗೆ ಹನ್ನೆರಡು.

ಪ್ರೆಸ್ಕಾಟ್ ಮೆಟ್ಟಿಲಿಳಿದು ಬಂದ. ಐವತ್ತರ ಆಸುಪಾಸಿನವನು, ಹೊಸ ರಬ್ಬರ್ ಬೂಟು ಹಾಕಿದ್ದ.

"ಇದು ಖಾಸಗಿ ಜಾಗ ಮೇಡಂ."

"ಗೊತ್ತು. ಮೀನು ಹಿಡೀತಿದೀವಿ."

ಅವನು ನೀರಿನಿಂದ ಎದ್ದ ಅವಳ ಗಾಳವನ್ನು ನೋಡಿದ. "ಎರೆನೇ ಇಲ್ವಲ್ಲ."

"ಹಾಕ್ಲೇಬೇಕು ಅಂತ ಕಾನೂನಲ್ಲಿ ಇದೆಯಾ?"

"ಬಂಗುಡೆ ಬರೋದು ಜೂನ್ ಮೇಲೆ ಅಂತ ಅಂಗಡೀಲಿ ಹೇಳಿದ್ರು."

"ಅದಕ್ಕೇ ಜುಲೈಲಿ ಅರವತ್ತು ಜನ ಬರ್ತೀವಿ."

ಪ್ರೆಸ್ಕಾಟ್ ಜೇಬಿನಿಂದ ಫೋನು ತೆಗೆದ. ಪೊಲೀಸರನ್ನು ಕರೆಯುತ್ತೇನೆ ಎಂದ. ಕರೆಯಿರಿ ಎಂದಳು. ಆಲ್ಟನ್‌ಗೆ ತಡೆಯಲಾಗಲಿಲ್ಲ.

"ಸರ್, ಈಕೆ ಹುಟ್ಟಿದ್ದು ಆ ಮನೇಲಿ. ಅಗೋ, ಆ ಕಿಟಕಿ ಕೋಣೇಲಿ."

"ನಿನ್ನ ಯಾರು ಕೇಳಿದ್ರು?" ಎಂದು ವಿನೋನಾ ಗದರಿದಳು.

ಪ್ರೆಸ್ಕಾಟ್ ಫೋನು ಇಳಿಸಿದ. ಮೇಲೆ ನೋಡಿದ, ಅವಳನ್ನು ನೋಡಿದ. ಅವನ ದನಿ ಬೇರೆಯಾಗಿತ್ತು. "ನಂಗೆ ಗೊತ್ತಿರ್ಲಿಲ್ಲ. ಬನ್ನಿ, ಈಗಲೇ ಬನ್ನಿ. ಆ ಕೋಣೇಲಿ ಇನ್ನೂ ಏನೂ ಬದಲಾಯ್ಸಿಲ್ಲ. ಗೋಡೆ ಕಾಗದ ಕೂಡ ಹಳೇದೇ, ನೀಲಿ ಹೂವಿಂದು. ನೀವು ಯಾವಾಗ ಬೇಕಾದ್ರೂ ಬರಬಹುದು. ನೀವೊಬ್ರು."

ನೀಲಿ ಹೂವು. ಅವಳ ಅಮ್ಮ ಅಂಟಿಸಿದ್ದು. ಸಂಘದವರೊಂದಿಗೆ ಇಷ್ಟು ವರ್ಷ ಬಂದರೂ ಬೀಗ ಹಾಕಿದ ಆ ಮನೆಯೊಳಗೆ ಅವಳು ಕಾಲಿಟ್ಟಿರಲಿಲ್ಲ. ಅವಳು ಗಾಳದ ಕೋಲನ್ನು ಮಡಿಲಿಗೆ ಎಳೆದುಕೊಂಡಳು. ಅವಳು ಏಳಲೆಂದು ಆಲ್ಟನ್ ಕುರ್ಚಿಯ ಬೆನ್ನು ಹಿಡಿದುಕೊಂಡ.

"ಅರವತ್ತು ಜನಾನೂ ಹುಲ್ಲಿನ ಮೇಲೆ ಕೂರಿಸ್ತೀರಾ?" ಎಂದು ಅವಳು ಕೇಳಿದಳು.

"ಅದು ಆಗಲ್ಲ. ಯಾರಾದ್ರೂ ಬಿದ್ರೆ ಹೊಣೆ ನಂದು. ನಿಮ್ಮ ಮಾತು ಬೇರೆ."

"ನನ್ನ ಮಾತು ಬೇರೆ ಅಲ್ಲ. ಅವರ ಜೊತೆ ಬರೋದಾದ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲೇ ಚೆನ್ನಾಗಿದೆ."

ಪ್ರೆಸ್ಕಾಟ್ ಮೆಟ್ಟಿಲು ಹತ್ತಿ ಹೋದ. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಆಲ್ಟನ್ ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು, ಕನ್ನಡಕ ಏರಿಸಿ, ಆಹ್ವಾನ ಬರೆಯತೊಡಗಿದ.

ನೀರು ಏರತೊಡಗಿತ್ತು. ಮೊದಲ ಅಲೆ ಕುರ್ಚಿಯ ಕಾಲಿಗೆ ತಾಗಿತು, ಎರಡನೆಯದು ಅವಳ ಪಾದ ತೋಯಿಸಿತು. ದೋಣಿಯಿಂದ ಮೆರ್ಲ್ ಕೈಬೀಸಿ ಕರೆದ. ವಿನೋನಾ ಎದ್ದು, ಕುರ್ಚಿಯನ್ನು ಒಂದು ಹೆಜ್ಜೆ ಮಾತ್ರ ಮೇಲಕ್ಕೆ ಎಳೆದುಕೊಂಡು, ಮತ್ತೆ ಕೂತಳು.